ವಿಷಯದಿಂದ ಪ್ರಶ್ನೆಯವರೆಗೆ: ಹಿರೇಹಡಗಲಿ ಮತ್ತು ಕೋಗಳಿಯ ಶಾಸನಗಳ ನಿದರ್ಶನ

ಹಿರೇಹಡಗಲಿಯ ವಿದ್ಯಾರ್ಥಿನಿಯೊಬ್ಬಳು ಪಿಎಚ್.ಡಿ. ಅಧ್ಯಯನಕ್ಕೆಂದು ಬರೆದು ತಂದಿದ್ದ ಶೀರ್ಷಿಕೆ ಇದು: 'ಹಡಗಲಿ ಪರಿಸರದ ಶಾಸನಗಳ ಸಾಂಸ್ಕೃತಿಕ ಅಧ್ಯಯನ'. ರಾಜಕೀಯ, ಧಾರ್ಮಿಕ, ಆರ್ಥಿಕ, ಸಾಮಾಜಿಕ ಎಂದು ಅಧ್ಯಾಯಗಳೂ ಸಿದ್ಧವಾಗಿದ್ದವು. ಶಾಸನಗಳನ್ನು ಓದುವ ಮೊದಲೇ ಅಧ್ಯಾಯಗಳು ಸಿದ್ಧವಾಗಿರುವುದೇ ಇಲ್ಲಿನ ತೊಡಕು. ಇಂತಹ ಚೌಕಟ್ಟಿನಲ್ಲಿ ಮಾಹಿತಿ ತುಂಬಿಕೊಳ್ಳುತ್ತದೆ. ಆದರೆ ಸಂಶೋಧಕನ ಎಣಿಕೆಯನ್ನು ಅಲ್ಲಗಳೆಯುವ ಅವಕಾಶ ಯಾವ ಶಾಸನಕ್ಕೂ ದೊರೆಯುವುದಿಲ್ಲ. ಅವಳಲ್ಲಿ ವಿಷಯವಿತ್ತು, ಪ್ರಶ್ನೆ ಇರಲಿಲ್ಲ.

ಅವಳ ಊರಿನಿಂದಲೇ ಆರಂಭಿಸೋಣ ಎಂದೆ. ಹಿರೇಹಡಗಲಿಯ ಕಲ್ಲೇಶ್ವರ ದೇವಾಲಯವು ಕಲ್ಯಾಣ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನ ಮಂತ್ರಿ ದೇಮರಸನು ಸುಮಾರು 1057ರಲ್ಲಿ ಕಟ್ಟಿಸಿದ್ದು. ಅದೇ ದೊರೆಯ ಕಾಲದ, 1055ರ ಶಾಸನವೊಂದು ನೆರೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕೋಗಳಿಯಲ್ಲಿದೆ. ಜೈನಾಚಾರ್ಯ ಇಂದ್ರಕೀರ್ತಿಯು ಅಲ್ಲಿನ ಬಸದಿಗೆ ದಾನವಿತ್ತುದನ್ನು ಹೇಳುವ ಆ ಶಾಸನ, ಬಸದಿಯನ್ನು ಕಟ್ಟಿಸಿದವನು ದುರ್ವಿನೀತನೆಂದು ದಾಖಲಿಸುತ್ತದೆ. ಗಂಗ ದೊರೆ ದುರ್ವಿನೀತನಾದರೋ ಆರನೆಯ ಶತಮಾನದವನು.

'ಹಾಗಾದರೆ ಬಸದಿಯನ್ನು ದುರ್ವಿನೀತನೇ ಕಟ್ಟಿಸಿದನೆ, ಸರ್?' ಎಂದು ಅವಳು ಕೇಳಿದಳು. ಪ್ರಶ್ನೆಯೇನೋ ಹುಟ್ಟಿತು, ಆದರೆ ಸುಮಾರು ಐನೂರು ವರ್ಷಗಳ ಅನಂತರದ ಹೇಳಿಕೆಯೊಂದರಿಂದಲೇ ಇದನ್ನು ತೀರ್ಮಾನಿಸಲಾಗದು. ಅದೇ ಶಾಸನ ತನ್ನ ಕಾಲದ ಬಗ್ಗೆ ಮಾತ್ರ ಬಲವಾದ ಸಾಕ್ಷಿ. ಆದ್ದರಿಂದ ಪ್ರಶ್ನೆಯನ್ನು ಹೀಗೆ ತಿರುಗಿಸಿದೆವು: 1055ರ ದಾನಕ್ಕೆ ದುರ್ವಿನೀತನ ಹೆಸರು ಏಕೆ ಬೇಕಾಯಿತು? ನೆನಪಾದದ್ದು ದೊರೆಯೋ ವಿದ್ವಾಂಸನೋ? ಭಾರವಿಯ 'ಕಿರಾತಾರ್ಜುನೀಯ'ದ ಹದಿನೈದನೆಯ ಸರ್ಗಕ್ಕೆ ಟೀಕೆ ಬರೆದವನೆಂಬ ಖ್ಯಾತಿ ಅವನಿಗಿದೆ. 'ಕವಿರಾಜಮಾರ್ಗ'ವೂ ಗದ್ಯಕಾರರ ಸಾಲಿನಲ್ಲಿ ದುರ್ವಿನೀತನೆಂಬವನನ್ನು ಹೆಸರಿಸುತ್ತದೆ. ಇಬ್ಬರೂ ಒಬ್ಬನೇ ಎಂಬುದು ಚರ್ಚಾಸ್ಪದ.

'ಏಕೆ' ಎಂಬುದು ಇನ್ನೂ ಸಡಿಲವಾದ ಪ್ರಶ್ನೆ. ಅದಕ್ಕೆ ದೇಶ, ಕಾಲ, ಆಕರಗಳ ಎಲ್ಲೆ ಬೇಕು. ಕೊನೆಗೆ ನಿಂತ ರೂಪವಿದು: 'ಕೋಗಳಿನಾಡಿನ ಹನ್ನೊಂದನೆಯ ಶತಮಾನದ ದಾನಶಾಸನಗಳು ದೇವಾಲಯ ಅಥವಾ ಬಸದಿಯ ಪ್ರಾಚೀನತೆಯನ್ನು ಯಾವ ಸಂದರ್ಭಗಳಲ್ಲಿ ಎತ್ತಿ ಹೇಳುತ್ತವೆ?' ಈಗ ಶೈವ, ವೈಷ್ಣವ, ಜೈನ ದಾನಗಳನ್ನು ಒಂದೇ ಅಳತೆಯಿಂದ ಹೋಲಿಸಬಹುದು. ಹಳೆಯ ಸ್ಥಾನಕ್ಕೆ ಹೊಸ ದಾನ ಬಂದಾಗ ಮಾತ್ರ ಪ್ರಾಚೀನತೆಯ ಮಾತು ಬರುತ್ತದೆಂಬುದು ಅವಳ ಊಹೆ. ಹೊಸದಾಗಿ ಕಟ್ಟಿಸಿದ ದೇವಾಲಯದ ಶಾಸನದಲ್ಲಿಯೂ ಅದು ಕಂಡುಬಂದರೆ ಊಹೆ ಬೀಳುತ್ತದೆ. ಬೀಳುವ ಸಾಧ್ಯತೆಯಿರುವುದರಿಂದಲೇ ಅದನ್ನು ಪರೀಕ್ಷಿಸಬಹುದು.

ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೆ: ನಿಮ್ಮ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ, ಅದರ ಕೆಳಗೆ, ನಿಮ್ಮ ಊಹೆಯನ್ನು ಸುಳ್ಳಾಗಿಸಬಲ್ಲ ಆಕರ ಯಾವುದೆಂದು ಬರೆಯಿರಿ. ಎರಡನೆಯ ಸಾಲು ಹೊಳೆಯದಿದ್ದರೆ ಮತ್ತೆ ಶಾಸನ ಸಂಪುಟಗಳಿಗೆ ಮರಳಿ. ಈ ಕೆಲಸಕ್ಕೆ ಆರು ತಿಂಗಳು ಹಿಡಿದರೂ ನಷ್ಟವಿಲ್ಲ. ಪ್ರಶ್ನೆಯಿಲ್ಲದೆ ಕಳೆದ ನಾಲ್ಕು ವರ್ಷ ಮರಳಿ ಬಾರದು.