ನೈಸ್: ದಡ್ಡನಿಂದ ನುಣುಪಿನವರೆಗೆ

ಇಂಗ್ಲಿಷಿನಲ್ಲಿ ಇವತ್ತು ‘ನೈಸ್’ ಎಂದರೆ ಚೆನ್ನಾಗಿದೆ, ಹಿತವಾಗಿದೆ. ಸುಮಾರು 700 ವರ್ಷಗಳ ಹಿಂದೆ ಯಾರನ್ನಾದರೂ ಹಾಗೆ ಕರೆದಿದ್ದರೆ ಜಗಳವೇ ಆಗುತ್ತಿತ್ತು. ಇದರ ಮೂಲ ಲ್ಯಾಟಿನ್‌ನ ‘ನೆಸ್ಕಿಯುಸ್’, ಅಂದರೆ ಏನೂ ತಿಳಿಯದವನು. ಹಳೆಯ ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದಾಗಲೂ ಪೆದ್ದ ಎಂಬ ಅರ್ಥವೇ ಇತ್ತು. ಆಮೇಲೆ ಅತಿ ನಾಜೂಕಿನವ, ಸೂಕ್ಷ್ಮ, ಕರಾರುವಾಕ್ಕು ಎಂದೆಲ್ಲ ಹೊರಳಿ, 18ನೇ ಶತಮಾನದ ಹೊತ್ತಿಗೆ ಹೊಗಳಿಕೆಯಾಯಿತು. ಕಂಡದ್ದಕ್ಕೆಲ್ಲ ‘ನೈಸ್’ ಎನ್ನುವ ಚಟವನ್ನು ಜೇನ್ ಆಸ್ಟೆನ್ ‘ನಾರ್ಥ್ಯಾಂಗರ್ ಅಬಿ’ ಕಾದಂಬರಿಯಲ್ಲಿ ಪಾತ್ರವೊಂದರ ಬಾಯಿಂದ ಗೇಲಿ ಮಾಡಿಸಿದ್ದಾರೆ.

ನಮ್ಮ ಕನ್ನಡದ ‘ನೈಸು’ ಇನ್ನೂ ಸ್ವಾರಸ್ಯ. ‘ದೋಸೆಗೆ ನೈಸಾಗಿ ರುಬ್ಬು, ಇಡ್ಲಿಗೆ ತರಿತರಿ ಇರಲಿ’ ಎಂದರೆ ನುಣ್ಣಗೆ. ‘ಬಿಲ್ಲು ಬರೋ ಹೊತ್ತಿಗೆ ನೈಸಾಗಿ ಜಾರಿಕೊಂಡ’ ಎಂದರೆ ಯಾರಿಗೂ ಸುಳಿವು ಕೊಡದೆ. ‘ನನ್ನ ಹತ್ರ ನೈಸ್ ಮಾಡಬೇಡ’ ಎಂದರೆ ಪೂಸಿ ಹೊಡೆಯಬೇಡ! ಇಷ್ಟೊಂದು ಜಾಣತನ, ಕಿಲಾಡಿತನ ಇಂಗ್ಲಿಷಿನ ಪದದಲ್ಲಿ ಎಲ್ಲಿದೆ? ನಮ್ಮದೇ ‘ನಯ’ ಇದರೊಳಗೆ ಸೇರಿಕೊಂಡಿದೆ ಎಂದು ನನ್ನ ಗುಮಾನಿ. ನಯವಾದ ಹಿಟ್ಟು, ನಯವಾದ ಮಾತು, ನಯವಂಚಕ ಎಲ್ಲವೂ ಮೊದಲೇ ಇದ್ದವಲ್ಲ.

ಅಂದಹಾಗೆ, ಬೆಂಗಳೂರಿನ ನೈಸ್ ರಸ್ತೆಗೂ ಈ ಪದಕ್ಕೂ ನಂಟಿಲ್ಲ. ಅದು ನಂದಿ ಇನ್‌ಫ್ರಾಸ್ಟ್ರಕ್ಚರ್ ಕಾರಿಡಾರ್ ಎಂಟರ್‌ಪ್ರೈಸಸ್ ಎಂಬ ಕಂಪನಿಯ ಮೊದಲಕ್ಷರಗಳಿಂದ ಬಂದ ಹೆಸರು.