ಕಾವಲಿನಲ್ಲಿ ಡಂಗುರ ಯಾರು ಹೊಡೀಬೇಕು?

2023ರ ಏಪ್ರಿಲ್ 2, ಭಾನುವಾರ. ಬೆಂಗಳೂರಲ್ಲಿ ನಾವಿನ್ನೂ ಹಾಸಿಗೆ ಬಿಟ್ಟಿರಲಿಲ್ಲ, ಅಷ್ಟರಲ್ಲಿ ಚಳ್ಳಕೆರೆ ಹತ್ತಿರ ಒಂದು ದೊಡ್ಡ ಕೆಲಸ ಮುಗಿದಿತ್ತು. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಇಸ್ರೋದ ರೆಕ್ಕೆಯುಳ್ಳ ಮರುಬಳಕೆ ವಾಹನವನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ಅದು ತಾನೇ ದಾರಿ ಹುಡುಕಿಕೊಂಡು ರನ್‌ವೇ ಮೇಲೆ ಇಳಿಯಿತು. ನಾನು ವಿಡಿಯೋ ನೋಡಿ, 'ನಮ್ಮೂರು!' ಅಂತ ಸ್ಟೇಟಸ್ ಹಾಕಿದೆ. ಅಮ್ಮನ ತವರು ಅದೇ ಕಡೆಯದು.

ಹತ್ತು ನಿಮಿಷಕ್ಕೆ ಸೋದರಮಾವನ ಫೋನು. ಮಾವನಿಗೆ ನೂರಕ್ಕೂ ಹೆಚ್ಚು ಕುರಿ, ಬೆಳಗಾದರೆ ಬಯಲು.

"ಚೆನ್ನಾಗೈತೆ ಬಿಡು ಅಳಿಯಾ. ಆದ್ರೆ ಅದು ದಾರಿ ತಪ್ಪಿ ನಮ್ ಹಟ್ಟಿ ಕಡೆ ಬಂತು ಅಂದ್ಕೋ. ಕುರಿ ಬಿಟ್ಟು ಓಡ್ಬೇಕಾ, ಹೊಡ್ಕೊಂಡು ಓಡ್ಬೇಕಾ? ಅದನ್ನ ಯಾರಾನ ಹೇಳೌರಾ?"

ನಾನು ನಕ್ಕೆ. ಮಾವನೂ ನಕ್ಕ. ಅದೇ ವರ್ಷ ಆಗಸ್ಟ್ 20, ಅದೂ ಭಾನುವಾರವೇ, ಡಿಆರ್‌ಡಿಒದ ತಪಸ್ ಡ್ರೋನ್ ಪರೀಕ್ಷಾ ಹಾರಾಟದಲ್ಲಿದ್ದಾಗ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಹೊಲಕ್ಕೆ ಬಿತ್ತು. ಡ್ರೋನ್ ಅಂದ ತಕ್ಷಣ ಮದುವೆ ಮನೆಯ ಕ್ಯಾಮೆರಾ ನೆನಪಿಸಿಕೊಳ್ಳಬೇಡಿ. ಇದರ ರೆಕ್ಕೆಯ ಅಗಲವೇ ಸುಮಾರು 20 ಮೀಟರ್, ಬಿಎಂಟಿಸಿ ಬಸ್ಸಿಗಿಂತ ಉದ್ದ. 2019ರ ಸೆಪ್ಟೆಂಬರ್ 17ರಂದು ಇದೇ ಮಾದರಿಯ ಇನ್ನೊಂದು, ಇದೇ ಜಿಲ್ಲೆಯ ಜೋಡಿಚಿಕ್ಕೇನಹಳ್ಳಿ ಹತ್ತಿರ ಬಿದ್ದಿತ್ತು. ಎರಡೂ ಸಲ ಯಾರ ಪ್ರಾಣಕ್ಕೂ ಏನೂ ಆಗಲಿಲ್ಲ. ಎರಡೂ ಸಲ ಊರಿನವರು ಓಡಿಹೋಗಿ ಅದರ ಸುತ್ತ ನಿಂತು ಫೋಟೊ ತೆಗೆದರು. ಇಂಧನ ಇರುತ್ತೆ, ಬೆಂಕಿ ಹತ್ತಬಹುದು, ದೂರ ನಿಲ್ಲಬೇಕು ಅನ್ನೋದು ಅವರಿಗೆ ಹೊಳೆಯಬೇಕಾದರೂ ಹೇಗೆ? ಮಾವನ ಪ್ರಶ್ನೆ ತಮಾಷೆಯದಾಗಿರಲಿಲ್ಲ ಅಂತ ನನಗೆ ಗೊತ್ತಾಗಿದ್ದು ಆವಾಗ.

ಈ ನೆಲಕ್ಕೂ ಯುದ್ಧಕ್ಕೂ ನಂಟು ಇವತ್ತಿನದಲ್ಲ. ಪರೀಕ್ಷಾ ವಲಯ ಬಂದಿರೋದು ಅಮೃತಮಹಲ್ ಕಾವಲಿನ ಮೇಲೆ. 1672ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಇದು 'ಬೆಣ್ಣೆ ಚಾವಡಿ'. ಅರಮನೆಗೆ ಹಾಲು ಬೆಣ್ಣೆ ಒದಗಿಸುವ ಹಸುಗಳಿಗಾಗಿ ಸಂಸ್ಥಾನದ ಉದ್ದಗಲಕ್ಕೂ ಹುಲ್ಲುಗಾವಲು ಕಾದಿರಿಸಿದರು. ಹೈದರಾಲಿ ಆ ಹಸುಗಳ ಗಂಡು ಕರುಗಳಲ್ಲಿ ಬೇರೆಯದನ್ನೇ ಕಂಡ. ಫಿರಂಗಿ ಎಳೆಯೋಕೆ ಇವಕ್ಕಿಂತ ಗಟ್ಟಿ, ಇವಕ್ಕಿಂತ ಚುರುಕು ಎತ್ತು ಇರಲಿಲ್ಲ. ಚಿದಂಬರದ ನೆರವಿಗೆ ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದದ್ದು ಈ ಎತ್ತುಗಳ ಬಲದಿಂದ ಅಂತ ಬ್ರಿಟಿಷರೇ ಬರೆದಿಟ್ಟಿದ್ದಾರೆ. 'ಅಮೃತಮಹಲ್' ಅಂತ ಹೆಸರಿಟ್ಟವನು ಟಿಪ್ಪು. 1799ರ ನಂತರ ಹಿಂಡು ಬ್ರಿಟಿಷ್ ಸೇನೆಯ ಕೈಗೆ ಹೋಯಿತು. 1860ರಲ್ಲಿ ಖರ್ಚು ಉಳಿಸೋಕೆ ಮಾರಿದರು, ತಪ್ಪಾಯಿತು ಅಂತ 1866ರಲ್ಲಿ ಮತ್ತೆ ಕಟ್ಟಿದರು.

ಆದರೆ ಒಂದು ವ್ಯತ್ಯಾಸ ಗಮನಿಸಿ. ಆಗ ಕಾವಲಿನಲ್ಲಿ ಬೆಳೆಯುತ್ತಿದ್ದದ್ದು ಫಿರಂಗಿ ಎಳೆಯುವ ಎತ್ತು. ಫಿರಂಗಿ ಸಿಡಿಯುತ್ತಿದ್ದದ್ದು ದೂರದ ರಣರಂಗದಲ್ಲಿ. ಸರ್ಕಾರದ ದನದ ಜೊತೆಗೆ ಸುತ್ತಲ ಊರುಗಳ ಕುರಿ ಮೇಕೆಯೂ ಮೇಯುತ್ತಿದ್ದವು. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಮ್ಯಾಸಬೇಡರ ದೇವರ ಎತ್ತುಗಳೂ, ಅವನ್ನು ಕಾಯುವ ಕಿಲಾರಿಗಳೂ ನಂಬಿರೋದು ಇಂಥ ಬಯಲನ್ನೇ. ಚಳ್ಳಕೆರೆ ಕಂಬಳಿಯ ಉಣ್ಣೆ ಬಂದಿದ್ದೂ ಇದೇ ಹುಲ್ಲಿನಿಂದ.

2007ರ ನಂತರದ ಮೂರ್ನಾಲ್ಕು ವರ್ಷಗಳಲ್ಲಿ ಚಿತ್ರ ಬದಲಾಯಿತು. ಡಿಆರ್‌ಡಿಒಗೆ 4,290 ಎಕರೆ, ಬಾಬಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573 ಎಕರೆ. ಎಷ್ಟೋ ಊರುಗಳಿಗೆ ಇದು ಗೊತ್ತಾಗಿದ್ದು ಗೋಡೆ ಏಳೋಕೆ ಶುರುವಾದ ಮೇಲೆ. ಜನ ಬೀದಿಗಿಳಿದರು, ವಿಷಯ ಚೆನ್ನೈನ ಹಸಿರು ನ್ಯಾಯಪೀಠದವರೆಗೂ ಹೋಯಿತು. 2016ರ ನವೆಂಬರ್ 16ರಂದು ತಪಸ್ ಇಲ್ಲಿಂದ ಮೊದಲ ಸಲ ಹಾರಿತು. 2017ರ ಮೇ 28ರಂದು ಪರೀಕ್ಷಾ ವಲಯದ ಉದ್ಘಾಟನೆ ಆಯಿತು.

ಪರೀಕ್ಷೆ ಬೇಡ ಅಂತ ನಾನು ಹೇಳ್ತಿಲ್ಲ. ವಿಮಾನ ಬೀಳುತ್ತೆ ಅಂತಲೇ ಪರೀಕ್ಷಾ ವಲಯ ಇರೋದು. ಶಾಲೆ ಕಾಲೇಜಿನ ಎನ್‌ಸಿಸಿಯಲ್ಲಿ ಪಾಯಿಂಟ್ 22 ರೈಫಲ್ ಹಿಡಿದವರಿಗೆ ಇದು ಅರ್ಥವಾಗುತ್ತೆ. ಅಷ್ಟು ಸಣ್ಣ ಗುಂಡು ಕೂಡ ತಡೆಯಿಲ್ಲದಿದ್ದರೆ ಒಂದೂವರೆ ಕಿಲೋಮೀಟರ್ ಹೋಗಬಲ್ಲದು. ಅದಕ್ಕೇ ಗುರಿಹಲಗೆಯ ಹಿಂದೆ ಎತ್ತರದ ಮಣ್ಣಿನ ದಿಬ್ಬ, ಗುಂಡು ಹಾರಿಸುವಾಗ ಕೆಂಪು ಬಾವುಟ, ಆಚೆ ಕಡೆ ಜನ ಹೋಗದಂತೆ ಕಾವಲು. ಗುರಿ ತಪ್ಪೋದಿಲ್ಲ ಅನ್ನೋ ನಂಬಿಕೆ ಮೇಲೆ ಯಾವ ರೇಂಜೂ ನಡೆಯೋದಿಲ್ಲ. ತಪ್ಪಿದಾಗ ಎಲ್ಲಿಗೆ ಹೋಗುತ್ತೆ ಅನ್ನೋ ಲೆಕ್ಕದ ಮೇಲೆ ನಡೆಯುತ್ತೆ. ಆ ಲೆಕ್ಕ ಬಾವುಟ ಹಾರಿಸುವವನಿಗೆ ಮಾತ್ರ ಗೊತ್ತಿದ್ದರೆ ಸಾಲದು, ದಿಬ್ಬದ ಆಚೆ ಕುರಿ ಮೇಯಿಸುವವನಿಗೂ ಗೊತ್ತಿರಬೇಕು.

ಬ್ರಿಟಿಷರಿಗೂ ಇದು ತಿಳಿದಿತ್ತು. ಸೇನೆಯ ಬಯಲು ಗುಂಡಿನ ಅಭ್ಯಾಸಕ್ಕೆ ಅಂತಲೇ 1938ರ ಕಾಯ್ದೆಯೊಂದಿದೆ, ಇವತ್ತಿಗೂ ಜಾರಿಯಲ್ಲಿದೆ. ಅದರ ಪ್ರಕಾರ ಅಭ್ಯಾಸದ ಪ್ರದೇಶವನ್ನು ಅಧಿಸೂಚನೆಯಲ್ಲಿ ಗುರುತಿಸಬೇಕು, ಊರಲ್ಲಿ ಡಂಗುರ ಹೊಡೆಸಬೇಕು, ಸ್ಥಳೀಯ ಭಾಷೆಯಲ್ಲಿ ನೋಟಿಸು ಅಂಟಿಸಬೇಕು, ನಷ್ಟವಾದರೆ ಪರಿಹಾರ ಕೊಡಬೇಕು. ಕಾಗದದಲ್ಲಿ ಇಷ್ಟಿದ್ದರೂ ನೆಲದ ಮೇಲೆ ಕಥೆ ಬೇರೆ. ಕಾಶ್ಮೀರದ ತೋಸಮೈದಾನ 1964ರಿಂದ ಫಿರಂಗಿ ಅಭ್ಯಾಸದ ಹುಲ್ಲುಗಾವಲಾಗಿತ್ತು. ಸಿಡಿಯದೆ ಉಳಿದ ಗುಂಡುಗಳನ್ನು ಮುಟ್ಟಿ ಕುರಿಗಾಹಿಗಳು, ಮಕ್ಕಳು ಸತ್ತರು. ಜನ ಪಟ್ಟು ಹಿಡಿದ ಮೇಲೆ 2014ರಲ್ಲಿ ಗುತ್ತಿಗೆ ಮುಗಿದಾಗ ಮುಂದುವರಿಸಲಿಲ್ಲ. ಜಾರ್ಖಂಡಿನ ನೇತರ್‌ಹಾಟ್‌ನಲ್ಲಿ 1994ರಲ್ಲಿ ಆದಿವಾಸಿಗಳು ದಾರಿಗೆ ಅಡ್ಡ ಕೂತು ಸೇನೆಯನ್ನು ವಾಪಸ್ ಕಳಿಸಿದರು. ಅಲ್ಲಿ ಅಧಿಸೂಚನೆ ಮುಂದುವರಿಸೋದಿಲ್ಲ ಅಂತ ಸರ್ಕಾರ ಹೇಳಿದ್ದು 2022ರಲ್ಲಿ.

ಚಳ್ಳಕೆರೆಯದು ಗುಂಡಿನ ರೇಂಜ್ ಅಲ್ಲ, ಆ ಕಾಯ್ದೆ ಇದನ್ನು ಮನಸ್ಸಿನಲ್ಲಿಟ್ಟು ಬರೆದದ್ದೂ ಅಲ್ಲ. ಆದರೆ ಅದರೊಳಗಿನ ತಿಳಿವಳಿಕೆ ಇಲ್ಲಿಗೂ ಸಲ್ಲುತ್ತೆ. ಮೊದಲು ಹೇಳಿ, ಆಮೇಲೆ ಹಾರಿಸಿ.

ಹಾಗೆ ನೋಡಿದರೆ ಈ ಸೀಮೆಗೆ ಆ ತಿಳಿವಳಿಕೆ 1938ರಲ್ಲಿ ಬಂದದ್ದಲ್ಲ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ತಂದೆತಾಯಿಯ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆಯಿರಲಿ, ಸತ್ಯ ಹೇಳಿ ಅನ್ನೋ ಬೋಧನೆ ಅದರಲ್ಲಿದೆ ಅಂತ ಶಾಲೆಯಲ್ಲಿ ಓದಿದ್ದೇವೆ. ನನ್ನ ಗಮನ ಹೋಗಿದ್ದು ಬೇರೆ ಕಡೆ. ಆ ಮಾತು ಬಂದದ್ದು ಇಸಿಲದ ಅಧಿಕಾರಿಗಳ ಹೆಸರಿಗೆ, ಆದರೆ ಉಳಿದದ್ದು ಕಚೇರಿಯೊಳಗಲ್ಲ, ಬಯಲಿನ ಬಂಡೆಯ ಮೇಲೆ. ಇದೇ ಶಾಸನದ ಎರ್ರಗುಡಿ ಪಾಠದಲ್ಲಂತೂ ಭೇರಿ ಬಾರಿಸಿ ಜನಕ್ಕೆ ತಿಳಿಸಿ ಅಂತ ಅಪ್ಪಣೆಯೇ ಇದೆ. ಅಂದರೆ ಡಂಗುರ.

ಕಳೆದ ಯುಗಾದಿಗೆ ಊರಿಗೆ ಹೋದಾಗ ಮಾವನ ಜೊತೆ ಗೋಡೆಯ ಪಕ್ಕ ನಡೆದೆ. ನನ್ನ ತಲೆಯಲ್ಲಿ ಎಸ್ಸೆಮ್ಮೆಸ್ ಅಲರ್ಟ್, ಆ್ಯಪ್, ಹಾರಾಟದ ಹಿಂದಿನ ದಿನ ಪಂಚಾಯ್ತಿಗೆ ಮೆಸೇಜ್ ಅಂತ ಏನೇನೋ ಓಡ್ತಿತ್ತು. ಮಾವನಿಗೆ ಬೇಕಾಗಿದ್ದು ಇಷ್ಟೇ: ಯಾವತ್ತು ಹಾರಿಸ್ತಾರೆ, ಬಿದ್ದರೆ ಎಷ್ಟು ದೂರ ನಿಲ್ಲಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು, ಹೊಲ ಕೆಟ್ಟರೆ ಯಾರನ್ನು ಕೇಳಬೇಕು. ಕನ್ನಡದಲ್ಲಿ ಒಂದು ಬೋರ್ಡಿಗೆ ಹಿಡಿಸುವಷ್ಟು ಮಾತು.

"ಗೋಡೆ ಉದ್ದ ಐತಲ್ಲ ಅಳಿಯಾ," ಅಂದ ಮಾವ, ಕೋಲಿನಿಂದ ಅದನ್ನೇ ತಟ್ಟಿ, "ಬರೆಯೋಕೆ ಜಾಗಕ್ಕೇನು ಬರ?"