ಕಂಬ ಹೋಯಿತು, ಹೆಸರು ಉಳಿಯಿತು

ತುಮಕೂರು ರಸ್ತೆಯಲ್ಲಿ ನಮ್ಮ ಟಿ. ದಾಸರಹಳ್ಳಿಗೆ ಬಂದು ಇಳಿಯುವ ಹಳಬರು ಇಂದಿಗೂ ಕಂಡಕ್ಟರಿಗೆ “ಎಂಟನೇ ಮೈಲಿ” ಎಂದೇ ಹೇಳುತ್ತಾರೆ. ಮೈಲಿಯ ಲೆಕ್ಕ ಹೋಗಿ ಕಿಲೋಮೀಟರಿನ ಲೆಕ್ಕ ಬಂದು ಎಷ್ಟೋ ಕಾಲವಾಯಿತು. ತಲೆಯ ಮೇಲೆ ಮೆಟ್ರೊ ರೈಲು ಓಡುತ್ತಿದೆ. ಬೆಂಗಳೂರಿನಿಂದ ಎಂಟು ಮೈಲಿ ಎಂದು ಸಾರುತ್ತಿದ್ದ ಕಲ್ಲಿಗೆ ಈಗ ಯಾರಿಗೂ ಕೆಲಸವಿಲ್ಲ. ಹೆಸರು ಮಾತ್ರ ಜನರ ಬಾಯಲ್ಲಿ ನಿಂತುಬಿಟ್ಟಿದೆ. ಶುಕ್ರವಾರ ರಾತ್ರಿ ಇದೇ ರಸ್ತೆಯ ಅಂಚಿನಲ್ಲಿ ಪೀಣ್ಯದ ಕಾರ್ಖಾನೆಗಳ ತರುಣರೂ ಕಂಪ್ಯೂಟರ್ ಕಂಪನಿಗಳ ತರುಣ ತರುಣಿಯರೂ ಚೀಲ ಹಿಡಿದು ಕರಾವಳಿಯ ಬಸ್ಸಿಗಾಗಿ ಕಾದಿರುತ್ತಾರೆ. ಅವರಲ್ಲಿ ಹಲವರು ಹೊರಟಿರುವುದು ಮಲ್ಪೆಯ ಕಡಲಿನಾಚೆಯ ಸೇಂಟ್ ಮೇರಿಸ್ ದ್ವೀಪಕ್ಕೆ. ಕಲ್ಲಿನಿಂದ ಹೆಸರು ಪಡೆದ ಊರಿನವರು ಕಲ್ಲಿನಿಂದಲೇ ಹೆಸರು ಪಡೆದ ಇನ್ನೊಂದು ಜಾಗಕ್ಕೆ ಹೋಗುತ್ತಿದ್ದಾರೆಂಬುದು ಅವರಿಗೆ ಹೊಳೆಯುವ ಸಂಗತಿಯಲ್ಲ. ಹೊಳೆಯುವಂತೆ ಅಲ್ಲಿ ಯಾರೂ ಹೇಳುವುದೂ ಇಲ್ಲ.

ಪ್ರಯಾಣ ಸರಳವಾದದ್ದು. ನೆಲಮಂಗಲದಲ್ಲಿ ಎಡಕ್ಕೆ ಹೊರಳಿ, ಹಾಸನ ದಾಟಿ, ಶಿರಾಡಿ ಘಟ್ಟ ಇಳಿದರೆ ಬೆಳಗಿನ ಹೊತ್ತಿಗೆ ಉಡುಪಿ. ಅಲ್ಲಿಂದ ಮಲ್ಪೆ ಕೂಗಳತೆ. ಮಲ್ಪೆಯಿಂದ ಆರು ಕಿಲೋಮೀಟರಿನಷ್ಟು ದೋಣಿಯ ದಾರಿ. ದ್ವೀಪದಲ್ಲಿ ತೆಂಗಿನ ಮರಗಳಿವೆ, ಮನೆಗಳಿಲ್ಲ. ಮರಳಿಗಿಂತ ಚಿಪ್ಪೇ ಹೆಚ್ಚು, ಬರಿಗಾಲಿನವರು ಜೋಕೆ. ರಾತ್ರಿ ತಂಗುವಂತಿಲ್ಲ. ಬೆಳಿಗ್ಗೆ ಹೋದವರು ಸಂಜೆಯ ದೋಣಿಗೆ ಮರಳಲೇಬೇಕು. ಮಳೆಗಾಲದಲ್ಲಿ ದೋಣಿಯೇ ಹೊರಡದು.

ದೋಣಿಯಲ್ಲಿ ಕುಳಿತವರ ಕಿವಿಗೆ ಬೀಳುವ ಚರಿತ್ರೆ ಎರಡೇ ವಾಕ್ಯದ್ದು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಹೋಗುವ ಮುನ್ನ ಇಲ್ಲಿ ಇಳಿದನಂತೆ. ದ್ವೀಪದ ಚೆಲುವಿಗೆ ಮನಸೋತು ಭಕ್ತಿಯಿಂದ ಮೇರಿ ಮಾತೆಯ ಹೆಸರಿಟ್ಟನಂತೆ. ಪ್ರವಾಸದ ಕೈಪಿಡಿಗಳೂ ಇದನ್ನೇ ಒಂದರಿಂದೊಂದು ನಕಲು ಮಾಡಿಕೊಂಡು ಬಂದಿವೆ. ಇಸವಿ ಸರಿ, ಮನುಷ್ಯ ಸರಿ. ಉಳಿದದ್ದನ್ನು ಸ್ವಲ್ಪ ವಿಚಾರಿಸಬೇಕು.

ವಿಚಾರಿಸಲು ಸಾಕ್ಷಿ ಉಂಟು. ಗಾಮನ ಜೊತೆಯಲ್ಲಿ ಬಂದಿದ್ದ ಒಬ್ಬಾತ ದಿನಚರಿಯಂಥದೊಂದನ್ನು ಬರೆದಿಟ್ಟ. ಬರೆದವನು ತನ್ನ ಹೆಸರನ್ನು ಹೇಳಿಕೊಂಡಿಲ್ಲ. ಆಲ್ವಾರೊ ವೆಲ್ಯೊ ಎಂಬವನಿರಬೇಕೆಂದು ವಿದ್ವಾಂಸರ ಊಹೆ. ಅದರ ಹಸ್ತಪ್ರತಿ 1838ರಲ್ಲಿ ಪೋರ್ಚುಗಲ್ಲಿನ ಪೋರ್ಟೊ ನಗರದಲ್ಲಿ ಅಚ್ಚಾಯಿತು. 1898ರಲ್ಲಿ, ಗಾಮ ಬಂದ ನಾನ್ನೂರನೆಯ ವರ್ಷಕ್ಕೆ ಸರಿಯಾಗಿ, ರಾವೆನ್‌ಸ್ಟೈನ್ ಎಂಬವರ ಇಂಗ್ಲಿಷ್ ಅನುವಾದ ಲಂಡನ್ನಿನ ಹಕ್ಲ್ಯೂಟ್ ಸೊಸೈಟಿಯಿಂದ ಹೊರಬಂತು. ಆ ಬರಹವನ್ನು ಓದಿದರೆ ನಮ್ಮ ದೋಣಿಯ ಕಥೆ ತಲೆಕೆಳಗಾಗುತ್ತದೆ.

ಗಾಮ ಆಫ್ರಿಕದ ಮಲಿಂದಿಯನ್ನು ಬಿಟ್ಟದ್ದು 1498ರ ಏಪ್ರಿಲ್ 24ರಂದು. ಅರಬ್ಬೀ ಸಮುದ್ರವನ್ನು ಅಡ್ಡಹಾಯ್ದು ಮೇ ತಿಂಗಳ ನಡುವಿನಲ್ಲಿ ಅವನು ಮೊದಲು ಕಂಡ ನೆಲ ಏಳಿಮಲೆ. ಅದು ಇಂದಿನ ಕಣ್ಣೂರು ಜಿಲ್ಲೆಯಲ್ಲಿದೆ, ಮಲ್ಪೆಗೆ ಬಹು ದಕ್ಷಿಣಕ್ಕೆ. ಅಲ್ಲಿಂದ ಹಡಗುಗಳು ಇನ್ನೂ ದಕ್ಷಿಣಕ್ಕೆ ಇಳಿದು ಕಲ್ಲಿಕೋಟೆಯ ಬಳಿ ಲಂಗರು ಹಾಕಿದವು. ಎಂದರೆ ಹೋಗುವಾಗ ಗಾಮನಿಗೆ ಮಲ್ಪೆಯ ಕಡಲು ದಾರಿಯಲ್ಲಿ ಸಿಕ್ಕಲೇ ಇಲ್ಲ. ಅವನು ಇಲ್ಲಿಗೆ ಬಂದದ್ದು ಹಿಂದಿರುಗುವಾಗ, ಸೆಪ್ಟೆಂಬರ್ 15ರಂದು. ಮುಂಚೆಯೋ ಆಮೇಲೆಯೋ, ಅದರಿಂದೇನಾಯಿತು ಎಂದು ಯಾರಾದರೂ ಕೇಳಬಹುದು. ಬಹಳ ಆಯಿತು. ಬರುವ ಗಾಮನೇ ಬೇರೆ, ಹೋಗುವ ಗಾಮನೇ ಬೇರೆ.

ಕಲ್ಲಿಕೋಟೆಯಲ್ಲಿ ಅವನ ಕೆಲಸ ನೆಟ್ಟಗಾಗಿರಲಿಲ್ಲ. ಸಾಮೂದಿರಿಗೆ ಅವನು ತಂದಿದ್ದ ಕಾಣಿಕೆಗಳನ್ನು ನೋಡಿ ಅರಮನೆಯವರು ನಕ್ಕರು. ಅವನ ಸರಕನ್ನು ವರ್ತಕರು ಮೂಸಿ ನೋಡಲಿಲ್ಲ. ಕೊನೆಗೆ ಸುಂಕ ಕಟ್ಟದೆ ಹೋಗಕೂಡದೆಂದು ಅವನ ಕಡೆಯವರನ್ನೂ ಸಾಮಾನನ್ನೂ ತಡೆದರು. ಅವನು ಹಡಗು ನೋಡಲು ಬಂದಿದ್ದ ಊರಿನವರನ್ನು ಒತ್ತೆಯಾಗಿ ಹಿಡಿದ. ಕೊಟ್ಟು ತೆಗೆದುಕೊಳ್ಳುವ ವ್ಯವಹಾರ ಮುಗಿದ ಮೇಲೂ ಕೆಲವರನ್ನು ಬಿಡದೆ ಆಗಸ್ಟ್ 29ರಂದು ಹಾಯಿ ಬಿಚ್ಚಿದ. ಮರುದಿನವೇ ಎಪ್ಪತ್ತರಷ್ಟು ದೋಣಿಗಳು ಬೆನ್ನಟ್ಟಿ ಬಂದವು. ಗಾಳಿಯೂ ಒತ್ತಾಸೆಗೆ ಇರಲಿಲ್ಲ. ರಾತ್ರಿ ನೆಲದ ಗಾಳಿ, ಹಗಲು ಕಡಲ ಗಾಳಿ, ಇವನ್ನು ನೆಚ್ಚಿಕೊಂಡು ಮೂರು ಹಡಗುಗಳು ತೆವಳುತ್ತ ಉತ್ತರಕ್ಕೆ ಸಾಗಿದ್ದವು. ಹೀಗೆ ಜಗಳವಾಡಿಕೊಂಡು ಹೊರಟವನು ನಮ್ಮ ದ್ವೀಪದ ಮುಂದೆ ನಿಂತಾಗ ಹದಿನೇಳು ದಿನ ಕಳೆದಿತ್ತು.

ಇನ್ನು ಹೆಸರಿನ ವಿಚಾರ. ಆ ಕಾಲದ ಪೋರ್ಚುಗೀಸರು ಹೊಸ ನೆಲ ಕಂಡಲ್ಲಿ ನೆಡಲೆಂದು ಕಲ್ಲಿನ ಕಂಬಗಳನ್ನು ತಮ್ಮ ದೇಶದಲ್ಲೇ ಕಡೆಸಿ ಹಡಗಿನಲ್ಲಿ ಹೇರಿಕೊಂಡು ಹೋಗುತ್ತಿದ್ದರು. ಕಂಬದ ಮೇಲೆ ಅವರ ರಾಜನ ಲಾಂಛನ, ತುದಿಯಲ್ಲಿ ಶಿಲುಬೆ. ‘ಪದ್ರಾಂವ್’ ಎಂದು ಅದರ ಹೆಸರು. ನಮ್ಮಲ್ಲಿ ಗಡಿಕಲ್ಲು ಉಂಟು, ದಾನದ ಶಾಸನ ಉಂಟು, ವೀರಗಲ್ಲು ಉಂಟು; ಆದರೆ ಕಾಣದ ಊರಿಗಾಗಿ ಮುಂಚೆಯೇ ಕಲ್ಲು ಕಡೆಸಿಟ್ಟುಕೊಂಡು ಹೊರಡುವ ಪದ್ಧತಿ ನಮಗೆ ಹೊಸದು. ದೊರೆ ಮನುವೆಲ್ ಗಾಮನ ಕೈಗೆ ಕೊಟ್ಟದ್ದು ಮೂರು ಕಂಬ. ಮೂರಕ್ಕೂ ಹೆಸರು ಅಲ್ಲಿಯೇ ಗೊತ್ತಾಗಿತ್ತು: ಸಾಂ ರಫಯೆಲ್, ಸಾಂ ಗಬ್ರಿಯೆಲ್, ಸಾಂತಾ ಮರಿಯಾ. ರಫಯೆಲ್ ಕಂಬವನ್ನು ಇಂದಿನ ಮೊಜಾಂಬಿಕಿನ ಒಂದು ನದಿಯ ಬಳಿ ನೆಟ್ಟಿದ್ದರು. ಗಬ್ರಿಯೆಲ್ ಕಂಬವನ್ನು ಕಲ್ಲಿಕೋಟೆಯಿಂದ ಹೊರಡುವ ಮುನ್ನ ಸಾಮೂದಿರಿಯ ಕಡೆಯವರ ದೋಣಿಗೆ ಇಳಿಸಿ, ನೀವೇ ದಡದಲ್ಲಿ ನೆಟ್ಟುಕೊಳ್ಳಿರೆಂದು ಒಪ್ಪಿಸಿದ್ದಾಯಿತು. ಮಿಕ್ಕದ್ದು ಸಾಂತಾ ಮರಿಯಾ.

ಎಂದರೆ, ದ್ವೀಪದ ಚೆಲುವು ಕಂಡು ಹೆಸರು ಹುಟ್ಟಿದ್ದಲ್ಲ. ಹೆಸರು ಪೋರ್ಚುಗಲ್ಲಿನಿಂದಲೇ ಸಾಮಾನಿನ ಜೊತೆ ಬಂದಿತ್ತು. ಸರದಿಯಲ್ಲಿ ಮೂರನೆಯದು ಯಾವುದೋ ಅದು ಈ ದ್ವೀಪದ ಪಾಲಿಗೆ ಬಿತ್ತು. ಮನೆಗೆ ಹೊರಟಿರುವ ನಾವಿಕನ ಕೈಯಲ್ಲಿ ದೊರೆ ನೆಡಲು ಕೊಟ್ಟ ಕಂಬವೊಂದು ಉಳಿದಿದೆ. ಅದನ್ನು ಮರಳಿ ಲಿಸ್ಬನ್ನಿಗೆ ಹೊತ್ತುಕೊಂಡು ಹೋಗಿ ಏನೆಂದು ಹೇಳುವುದು? ಮೈಮೇಲೆ ಬೀಳುವವರಾರೂ ಇಲ್ಲದ ಒಂದು ಜಾಗ ಸಿಕ್ಕಿತು, ಇಳಿಸಿದ. ಇದು ನನ್ನ ಊಹೆ. ಆದರೆ ಭಕ್ತಿಯ ಕಥೆಗಿಂತ ಇದು ಮನುಷ್ಯ ಸ್ವಭಾವಕ್ಕೆ ಹತ್ತಿರವೆಂದು ನನಗೆ ತೋರುತ್ತದೆ. ಇನ್ನೊಂದು ಸ್ವಾರಸ್ಯವೆಂದರೆ, ಕಲ್ಲಿಕೋಟೆಯ ಕಂಬವನ್ನು ಪರರ ಕೈಗೆ ಕೊಟ್ಟದ್ದರಿಂದ, ಭಾರತದಲ್ಲಿ ಗಾಮನ ಕಡೆಯವರು ತಾವೇ ನಿಂತು ನೆಟ್ಟ ಮೊದಲ ಕಂಬ ಈ ನಮ್ಮ ಕರಾವಳಿಯದು.

ಅಂದಿನ ದೃಶ್ಯವನ್ನು ದಿನಚರಿಯವನು ಕೆಲವೇ ಸಾಲುಗಳಲ್ಲಿ ಮುಗಿಸಿದ್ದಾನೆ. ದಡದಿಂದ ಎರಡು ಹರದಾರಿಯಷ್ಟು ದೂರದಲ್ಲಿ ಸಣ್ಣ ದ್ವೀಪಗಳು. ಹಡಗುಗಳನ್ನು ಕಂಡು ಬೆಸ್ತರ ದೋಣಿಗಳು ಮೀನು ಹೊತ್ತು ಬಂದವು. ಕಪ್ತಾನ ಅವರಿಗೆ ಅಂಗಿಗಳನ್ನು ಕೊಟ್ಟು ಸಂತೋಷಪಡಿಸಿದ. ಇಲ್ಲೊಂದು ಕಂಬ ನೆಡಲೇ ಎಂದು ಕೇಳಿದ. ಅವರು ಆಗಲಿ ಎಂದರು. ಅಷ್ಟೇ ಅಲ್ಲ, ಕಂಬ ನೆಟ್ಟರೆ ನೀವೂ ನಮ್ಮಂತೆ ಕ್ರೈಸ್ತರೆಂಬುದು ದೃಢವಾಗುತ್ತದೆ ಎಂದು ಹೇಳಿದರಂತೆ!

ಈ ಕೊನೆಯ ಮಾತನ್ನು ಓದಿ ನಗದಿರುವುದು ಕಷ್ಟ. ಮಲ್ಪೆಯ ಕಡಲಲ್ಲಿ ಬಲೆ ಬೀಸುವವರು ಮೊಗವೀರರು. ವಡಭಾಂಡೇಶ್ವರದ ಬಲರಾಮನ ಊರು ಅದು. ಹಡಗಿನಲ್ಲಿ ಬಂದ ಗೋಪೀಚಂದನದ ಹೆಂಟೆಯೊಳಗೆ ಮಧ್ವಾಚಾರ್ಯರಿಗೆ ಕೃಷ್ಣನ ವಿಗ್ರಹ ದೊರೆತದ್ದು ಇದೇ ಕಡಲತೀರದಲ್ಲಿ ಎಂಬುದು ಉಡುಪಿಯ ಐತಿಹ್ಯ. ಅಂಥ ಕಡೆಯ ಬೆಸ್ತರು ‘ನಾವು ಕ್ರೈಸ್ತರು’ ಎಂದು ಯಾವ ಭಾಷೆಯಲ್ಲಿ ಹೇಳಿದರು? ಗಾಮನಲ್ಲಿ ಅರಬ್ಬಿ ಬಲ್ಲ ದುಭಾಷಿಯಿದ್ದ. ಮಲೆಯಾಳದ ಒತ್ತೆಯಾಳುಗಳಿದ್ದರು. ತುಳುವಿನ ಮಾತು ಮಲೆಯಾಳಕ್ಕೆ, ಮಲೆಯಾಳ ಅರಬ್ಬಿಗೆ, ಅರಬ್ಬಿ ಪೋರ್ಚುಗೀಸಿಗೆ ಹೊರಳಿದ್ದರೆ ದಾರಿಯಲ್ಲಿ ಏನೇನು ಉದುರಿತೋ, ಏನೇನು ಸೇರಿತೋ! ಕಲ್ಲಿಕೋಟೆಯ ದಾರಿಯಲ್ಲಿ ಹಿಂದೂ ದೇಗುಲವೊಂದನ್ನು ಹೊಕ್ಕು, ಅಲ್ಲಿಯ ದೇವಿಯನ್ನು ಮೇರಿಯೆಂದು ತಿಳಿದು ಕೈಮುಗಿದು ಬಂದಿದ್ದ ತಂಡ ಅದು. ಕಾಣಬೇಕೆಂದು ಹೊರಟದ್ದನ್ನೇ ಎಲ್ಲೆಲ್ಲೂ ಕಂಡರು. ಪಾಪ, ಬೆಸ್ತರಿಗೆ ಅಂಗಿ ಬಂದಿತ್ತು, ಮೀನಿಗೆ ಗಿರಾಕಿ ಸಿಕ್ಕಿತ್ತು. ಯಾರೂ ವಾಸವಿಲ್ಲದ ಬಂಡೆಯ ಮೇಲೆ ಯಾರೋ ಒಂದು ಕಲ್ಲು ನಿಲ್ಲಿಸುತ್ತೇನೆಂದರೆ ಬೇಡವೆನ್ನಲು ಕಾರಣವೇನು?

ಬೇಡವೆನ್ನಬೇಕಾದವರು ದೂರದಲ್ಲಿದ್ದರು. ಆಗ ಈ ನೆಲ ವಿಜಯನಗರದ ಬಾರಕೂರು ರಾಜ್ಯಕ್ಕೆ ಸೇರಿದ್ದು. ಸಿಂಹಾಸನದ ಮೇಲೆ ಇಮ್ಮಡಿ ನರಸಿಂಹ, ಆಡಳಿತದ ಸೂತ್ರ ತುಳುವ ನರಸ ನಾಯಕನ ಕೈಯಲ್ಲಿ. ಅಂಗಿಗೆ ಮೀನು ಕೊಟ್ಟ ಆ ಸ್ನೇಹದ ವ್ಯವಹಾರ ಬಹುಕಾಲ ಹಾಗೇ ಉಳಿಯಲಿಲ್ಲ. ಮುಂದಿನ ಶತಮಾನದಲ್ಲಿ ಬಾರಕೂರು, ಬಸರೂರುಗಳ ಅಕ್ಕಿಗಾಗಿ ಪೋರ್ಚುಗೀಸರು ಹಡಗು, ಫಿರಂಗಿಗಳೊಂದಿಗೆ ಬಂದರು. ದಕ್ಷಿಣದಲ್ಲಿ ಉಳ್ಳಾಲದ ಅಬ್ಬಕ್ಕ ಅವರನ್ನು ಎದುರಿಸಿ ನಿಂತಳು. ಮಲ್ಪೆಯ ಅಳಿವೆಯೆದುರಿನ ದರಿಯಾಬಹಾದೂರ್‌ಗಡ ದ್ವೀಪದಲ್ಲಿ ಬಿದನೂರಿನ ಬಸಪ್ಪ ನಾಯಕ ಕೋಟೆ ಕಟ್ಟಿಸಿದ್ದು ಇನ್ನೂ ಆಮೇಲಿನ ಮಾತು.

ಆ ಕಂಬ ಈಗ ಇಲ್ಲ. ಆದರೆ ದ್ವೀಪಕ್ಕೆ ಹೋದವರು ಕಂಬಗಳನ್ನು ಕಾಣದೆ ಬರುವುದಿಲ್ಲ. ಅಲ್ಲಿಯ ಬಂಡೆಗಳೇ ಕಂಬಗಳು. ಐದು ಮೂಲೆ, ಆರು ಮೂಲೆ, ಏಳು ಮೂಲೆಯ ಕಲ್ಲಿನ ತೊಲೆಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತಿವೆ, ಕೆಲವು ಆಳೆತ್ತರಕ್ಕೂ ಮೀರಿ. ಶಿಲ್ಪಿಯೊಬ್ಬ ಅರ್ಧ ಕೆತ್ತಿ ಬಿಟ್ಟುಹೋದ ಮಂಟಪವೋ ಎನ್ನಿಸುತ್ತದೆ. ಉಳಿ ಮುಟ್ಟಿದ ಕೆಲಸವಲ್ಲ ಅದು. ನೆಲದೊಳಗಿನಿಂದ ಉಕ್ಕಿದ ಲಾವಾರಸ ಆರುತ್ತ ಆರುತ್ತ ಕುಗ್ಗಿ ಬಿರುಕುಬಿಟ್ಟದ್ದು. ಬೇಸಗೆಯಲ್ಲಿ ಬತ್ತಿದ ನಮ್ಮ ಕಡೆಯ ಕೆರೆಯಂಗಳದ ಕೆಸರು ಮೂಲೆಮೂಲೆಯ ಬಿಲ್ಲೆಗಳಾಗಿ ಒಡೆದಿರುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಬಿರುಕು ಗೇಣುದ್ದ ಇಳಿಯುತ್ತದೆ, ಇಲ್ಲಿ ಬಂಡೆಯ ಆಳಕ್ಕೂ ಇಳಿದಿದೆ.

ಇದು ದಖನ್ನಿನ ಲಾವಾ ಹಾಸಿನದೇ ಒಂದು ತುಂಡೆಂದು ಹಿಂದೆ ತಿಳಿದಿದ್ದರು. ಆಮೇಲೆ ಶಿಲೆಯ ವಯಸ್ಸನ್ನು ಎಣಿಸಿದಾಗ ಲೆಕ್ಕ ಕೂಡಲಿಲ್ಲ. ದಖನ್ನಿನ ಲಾವಾ ಸುಮಾರು 6.6 ಕೋಟಿ ವರ್ಷದ್ದು. ಈ ದ್ವೀಪದ ಶಿಲೆ ಅದಕ್ಕಿಂತ ಬಹಳ ಹಿರಿಯದು: 2000ದಲ್ಲಿ ಪ್ರಕಟವಾದ ಒಂದು ಪರೀಕ್ಷೆ 9.1 ಕೋಟಿ ವರ್ಷವೆಂದಿತು, 2001ರ ಇನ್ನೊಂದು 8.5 ಕೋಟಿಗೆ ಸ್ವಲ್ಪ ಹೆಚ್ಚು ಎಂದಿತು. ವಿದ್ವಾಂಸರ ನಡುವೆ ಐವತ್ತು ಲಕ್ಷ ವರ್ಷಗಳ ಭಿನ್ನಾಭಿಪ್ರಾಯ ಅಷ್ಟೇನೂ ದೊಡ್ಡದಲ್ಲ. ಇಬ್ಬರ ಲೆಕ್ಕವೂ ಒಂದೇ ಘಟನೆಯ ಕಡೆಗೆ ಬೆರಳು ತೋರಿಸುತ್ತದೆ. ಆಗ ಭಾರತಕ್ಕೆ ಮಡಗಾಸ್ಕರ್ ಅಂಟಿಕೊಂಡಿತ್ತು. ಎರಡೂ ಸೀಳಿ ಬೇರೆಯಾಗುವ ಕಾಲಕ್ಕೆ ಬಿರುಕಿನಿಂದ ಬೆಂಕಿಯ ರಸ ಹೊಮ್ಮಿತು. ಅದೇ ಕಾಲದ ಜ್ವಾಲಾಮುಖಿ ಶಿಲೆಗಳು ಮಡಗಾಸ್ಕರದಲ್ಲಿಯೂ ಇವೆ. ಗಾಮ ಬಂದದ್ದು ಆಫ್ರಿಕದ ಮಗ್ಗುಲಿನಿಂದ. ಅವನು ಕಂಬ ನೆಟ್ಟ ಬಂಡೆಯೂ ಒಂದು ಕಾಲಕ್ಕೆ ಆ ಕಡೆಯ ನೆಂಟನೇ ಆಗಿತ್ತು.

ಈ ಕಾರಣಕ್ಕಾಗಿಯೇ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿತು. ಸಂಸ್ಥೆಯ ಫಲಕದಲ್ಲಿರುವುದು ಲಾವಾ ಕಂಬಗಳ ಮಾತೇ ಹೊರತು ಗಾಮನದಲ್ಲ. ಲಾಲ್‌ಬಾಗಿನಲ್ಲಿ ಕೆಂಪೇಗೌಡರ ಗೋಪುರ ನಿಂತಿರುವ ಗುಡ್ಡಕ್ಕೂ ಇದೇ ಬಿರುದಿದೆ. ಅದು ಮುನ್ನೂರು ಕೋಟಿ ವರ್ಷದ ಹಳೆಯ ಶಿಲೆ. ದಾಸರಹಳ್ಳಿ, ಪೀಣ್ಯಗಳ ಕೆಳಗಿರುವುದೂ ಅದರ ಬಳಗವೇ. ನಮ್ಮ ಹುಡುಗರು ಮುನ್ನೂರು ಕೋಟಿಯ ಕಲ್ಲಿನ ಮೇಲಿನ ಕೊಠಡಿಯಿಂದ ಎದ್ದು ಹೋಗಿ ಒಂಬತ್ತು ಕೋಟಿಯ ಕಲ್ಲನ್ನು ನೋಡಿ ಬೆರಗಾಗುತ್ತಾರೆ. ಆಗಲಿ, ಬೆರಗಾಗುವುದಕ್ಕೆ ಊರು ಬಿಟ್ಟು ಹೋಗಲೇಬೇಕು.

ಬಿರುದು ಬಂದ ಮಾತ್ರಕ್ಕೆ ರಕ್ಷಣೆ ಬಂದಂತಾಗಲಿಲ್ಲ. ದೇವಾಲಯಕ್ಕೂ ಕೋಟೆಗೂ 1958ರ ಸ್ಮಾರಕ ಕಾಯಿದೆಯ ಆಸರೆಯಿದೆ. ಇಂಥ ಬರಿಯ ಬಂಡೆಗಳಿಗೆಂದೇ ಒಂದು ಕಾಯಿದೆ ಬೇಕೆಂದು ಕೇಂದ್ರದ ಗಣಿ ಸಚಿವಾಲಯ ಕರಡು ಮಸೂದೆಯೊಂದನ್ನು ಪ್ರಕಟಿಸಿದ್ದು 2022ರ ಡಿಸೆಂಬರಿನಲ್ಲಿ. ಅಲ್ಲಿಯ ತನಕ ದ್ವೀಪವನ್ನು ಕಾದದ್ದು ಮುಖ್ಯವಾಗಿ ಎರಡು: ಮಳೆಗಾಲ, ಮತ್ತು ಸಂಜೆಯ ಕೊನೆಯ ದೋಣಿ. ಕಂಬಗಲ್ಲುಗಳ ಕೀಲು ಸಡಿಲ; ಪದರಪದರವಾಗಿ ಬಿಡುತ್ತವೆ. ಒಬ್ಬೊಬ್ಬರು ಒಂದೊಂದು ಚಕ್ಕೆಯನ್ನು ನೆನಪಿಗೆಂದು ಜೇಬಿಗೆ ಇಳಿಸಿದರೆ ಅದನ್ನು ಮತ್ತೆ ಎರಕ ಹೊಯ್ಯುವ ಕುಲುಮೆ ಎಲ್ಲಿಯೂ ಇಲ್ಲ. ಹೆಸರು ಗೀಚುವವರ ಮಾತಂತೂ ಬೇಡ. ಅವರು ತಮಗೆ ತಿಳಿಯದೆಯೇ ಗಾಮನ ಶಿಷ್ಯರು.

ಕಡಲೂ ಸುಮ್ಮನಿರುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ವಿದ್ಯಾರ್ಥಿಗಳಲ್ಲಿ ಮೂವರು ಈ ದ್ವೀಪದ ನೀರಿನಲ್ಲಿ ಪ್ರಾಣ ಕಳೆದುಕೊಂಡರು. ಪಾಚಿ ಹಿಡಿದ ಬಂಡೆಯ ಮೇಲೆ ನಿಂತು ಚಿತ್ರ ತೆಗೆಸಿಕೊಳ್ಳುವವರನ್ನು ಅಲೆ ಒಂದು ಏಟಿಗೆ ಎಳೆದೊಯ್ಯುತ್ತದೆ. ಅಲ್ಲಿ ಕಾವಲಿನವರು ಊದುವ ಸೀಟಿಯನ್ನು ರಸಭಂಗವೆಂದು ತಿಳಿಯುವವರು ಇದನ್ನು ನೆನೆದರೆ ಒಳ್ಳೆಯದು.

ದ್ವೀಪಕ್ಕೆ ಊರಿನವರ ಹೆಸರೂ ಒಂದಿದೆ: ತೋನ್ಸೆ ಪಾರ್. ತೋನ್ಸೆ ಎಂಬುದು ಮಲ್ಪೆಗೆ ಉತ್ತರದಲ್ಲಿ, ಕಡಲಂಚಿನಲ್ಲೇ ಇರುವ ಊರು. ಟಿಕೀಟಿನ ಮೇಲೆ ಆ ಹೆಸರನ್ನು ಹುಡುಕಬೇಡಿ; ದೋಣಿ ನಡೆಸುವವರನ್ನು ಕೇಳಿದರೆ ಹೇಳುತ್ತಾರೆ.